ನಮ್ಮದೊಂದು ಚಿಕ್ಕ ಸರ್ವರ್: ಅದರ ಪಾಲನೆ ಮತ್ತು ನವೀಕರಣ

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂಬ ಗಾದೆಯನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಲ್ಲಿಯೇ ಬಾಯಿಪಾಠ ಮಾಡಿದ್ದೇವೆ. ಅದನ್ನು ವಿಸ್ತರಿಸಿ ಬರೆದು ಅಂಕಗಳನ್ನೂ ಪಡೆದಿದ್ದೇವೆ. ಆದರೆ ಆ ಗಾದೆಯ ಅರ್ಥ ನಿಜವಾಗಿ ತಿಳಿಯುವುದು ಮಡಕೆ ಒಡೆದ ಮೇಲೆಯೇ. 2025ರ ಅಕ್ಟೋಬರಿನಲ್ಲಿ ನನ್ನ ಕೈಯಿಂದಲೇ ಒಂದು ಮಡಕೆ ಒಡೆಯಿತು. ಅದು ಹೇಗೆ ಒಡೆಯಿತು, ಮತ್ತೆ ಹೇಗೆ ಕೂಡಿಸಿದೆವು, ಇನ್ನು ಮುಂದೆ ಏನು ಮಾಡಬೇಕು ಎಂಬುದನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದೆ ಅರಿಕೆ ಮಾಡಿಕೊಳ್ಳುವುದೇ ಪ್ರಕೃತ ಲೇಖನದ ಉದ್ದೇಶ. ನಾನು ಕಲಾ ವಿಭಾಗದ ವಿದ್ಯಾರ್ಥಿ. ಗಣಕಶಾಸ್ತ್ರವನ್ನು ತರಗತಿಯಲ್ಲಿ ಕಲಿತವನಲ್ಲ. ಆದಕಾರಣ ತಿಳಿದವರು ಇದರಲ್ಲಿಯ ಕೊರತೆಗಳನ್ನು ತಿದ್ದಿಕೊಂಡು ಓದಬೇಕೆಂದು ಬೇಡುತ್ತೇನೆ.

ಮೊದಲು ಹೆಸರಿನ ವಿಷಯ. ನಾವು ಕೆಲವರು ಸೇರಿ ಸರ್ವರ್ ನಡೆಸುತ್ತಿದ್ದೇವೆಂದು ಕಮಲಾಪುರದಲ್ಲಿ ನಮ್ಮಪ್ಪನಿಗೆ ಹೇಳಿದಾಗ ಅವನು ಕೆಲಹೊತ್ತು ಸುಮ್ಮನಿದ್ದು, “ಅಲ್ಲೋ ತಮ್ಮಾ, ಬಿ.ಎ. ಓದ್ಲಾಕ ಹೋಗಿ ಸರ್ವರ್ ಆಗೀ ಏನು? ಯಾವ ಹೋಟೆಲ್‌ದಾಗ?” ಎಂದು ಕೇಳಿದ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅವನ ಆತಂಕ ಸಹಜವಾದುದೇ. ಆ ಹೊತ್ತಿಗೆ ನನಗೆ ನಗು ಬಂದಿತಾದರೂ, ಆಮೇಲೆ ವಿಚಾರ ಮಾಡಿದಾಗ ಅಪ್ಪನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಹೋಟೆಲಿನ ಸರ್ವರ್ ಗಿರಾಕಿ ಕೇಳಿದ್ದನ್ನು ಒಳಗಿನಿಂದ ತಂದು ಮೇಜಿನ ಮೇಲಿಡುತ್ತಾನೆ. ಈ ಸರ್ವರ್ ಎಂಬ ಯಂತ್ರವೂ ಅಷ್ಟನ್ನೇ ಮಾಡುತ್ತದೆ. ದೂರದಲ್ಲಿ ಯಾರೋ ಒಬ್ಬರು ತಮ್ಮ ಮೊಬೈಲಿನಿಂದ ಒಂದು ಪುಟವನ್ನು ಕೇಳುತ್ತಾರೆ. ಯಂತ್ರವು ತನ್ನ ಉಗ್ರಾಣದಿಂದ ಅದನ್ನು ತೆಗೆದು ಕಳಿಸುತ್ತದೆ. ವ್ಯತ್ಯಾಸವಿಷ್ಟೇ: ಇದು ಹಗಲೂ ರಾತ್ರಿ ಎಚ್ಚರವಿರಬೇಕು.

ಇಂಥದೊಂದು ಯಂತ್ರ ನಮಗೇಕೆ ಬೇಕಾಯಿತು? ಕನ್ನಡ ಮಾಧ್ಯಮದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಅಭ್ಯಾಸ ಮಾಡುವ ನಮ್ಮಂಥವರಿಗೆ ಟಿಪ್ಪಣಿಗಳ ಕಷ್ಟ ಗೊತ್ತೇ ಇದೆ. ಮೊಬೈಲಿನ ಗುಂಪುಗಳಲ್ಲಿ ಹಂಚಿದ ಟಿಪ್ಪಣಿ ನಾಲ್ಕು ದಿನಗಳಲ್ಲಿ ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ, ತಪ್ಪಿದ್ದರೆ ತಿದ್ದುವಂತಿಲ್ಲ, ಮುಂದಿನ ವರ್ಷದವರಿಗೆ ದೊರಕುವುದಂತೂ ಇಲ್ಲ. ಆದ್ದರಿಂದ 2024ರ ಆರಂಭದಲ್ಲಿ ನಾವು 14 ಮಂದಿ ಸೇರಿ, ಎಲ್ಲರೂ ಬರೆಯಬಲ್ಲ, ಎಲ್ಲರೂ ತಿದ್ದಬಲ್ಲ ಒಂದು ಟಿಪ್ಪಣಿ ಭಂಡಾರವನ್ನು ಕಟ್ಟಿದೆವು. ಕಾಲೇಜು ಬಿಟ್ಟ ಹಿರಿಯ ವಿದ್ಯಾರ್ಥಿಯೊಬ್ಬರು ತಮ್ಮ ಹಳೆಯ ಲ್ಯಾಪ್‌ಟಾಪನ್ನು ಕೊಟ್ಟರು. ಕಲಬುರಗಿ ನಗರದಲ್ಲಿ ಗೆಳೆಯನ ಮನೆಯ ಗೋಡೆಗೂಡಿನಲ್ಲಿ, ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಅದಕ್ಕೆ ಜಾಗ ದೊರೆಯಿತು. ತಲಾ 20 ರೂಪಾಯಿಯಂತೆ ತಿಂಗಳ ವಂತಿಗೆ ಗೊತ್ತುಮಾಡಿದೆವು.

ಯಂತ್ರದಲ್ಲಿ ನಾಲ್ಕು ಪದರಗಳಿವೆ. ಇವನ್ನು ಬೇರೆಬೇರೆಯಾಗಿ ತಿಳಿಯದೆ ಪಾಲನೆ ಸಾಧ್ಯವಿಲ್ಲ. ಎಲ್ಲಕ್ಕೂ ಕೆಳಗೆ ಯಂತ್ರದ ಒಡಲು. ಅದರ ಮೇಲೆ ಡೆಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆ. ಅದರ ಮೇಲೆ ಪುಟಗಳನ್ನು ಸಿದ್ಧಪಡಿಸುವ ಪಿ.ಎಚ್.ಪಿ. ಭಾಷೆ ಮತ್ತು ಬರಹವನ್ನೆಲ್ಲ ಕಾಪಿಡುವ ಮಾರಿಯಾ ಡಿ.ಬಿ. ಎಂಬ ದತ್ತಸಂಚಯ, ಎಲ್ಲಕ್ಕೂ ಮೇಲೆ ನಮ್ಮ ಕಣ್ಣಿಗೆ ಕಾಣುವ ಮೀಡಿಯಾವಿಕಿ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಡೆಯುತ್ತಿರುವುದೂ ಇದೇ ಮೀಡಿಯಾವಿಕಿಯ ಮೇಲೆಯೇ. ಇವೆಲ್ಲವೂ ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದ, ತಿದ್ದಬಹುದಾದ ಸ್ವತಂತ್ರ ತಂತ್ರಾಂಶಗಳು.

ಇಲ್ಲಿ ಒಂದು ವಿಷಯವನ್ನು ಸಹಪಾಠಿಗಳ ಗಮನಕ್ಕೆ ತರಬಯಸುತ್ತೇನೆ. ಇಂಥ ಉದ್ಯೋಗಗಳು ದೊಡ್ಡ ಕಂಪನಿಗಳ ಕೋಣೆಗಳಲ್ಲಿಯೇ ಹುಟ್ಟುತ್ತವೆಂದು ನಾವು ಭಾವಿಸಿದ್ದೇವೆ. ವಸ್ತುಸ್ಥಿತಿ ಹಾಗಿಲ್ಲ. ಬೆಲ್ಜಿಯಂ ದೇಶದ ಆಂಟ್‌ವರ್ಪ್ ವಿಶ್ವವಿದ್ಯಾಲಯದಲ್ಲಿ 2000ದ ಸುಮಾರಿಗೆ ಡ್ರೀಸ್ ಬೈಟಾರ್ಟ್ ಎಂಬ ವಿದ್ಯಾರ್ಥಿಯೂ ಅವನ ಗೆಳೆಯರೂ ಒಂದೇ ಅಂತರ್ಜಾಲ ಸಂಪರ್ಕವನ್ನು ವಸತಿಗೃಹದ ಎಂಟು ಮಂದಿ ಹಂಚಿಕೊಂಡಿದ್ದರು. ತಮ್ಮತಮ್ಮೊಳಗೆ ಸುದ್ದಿ ತಿಳಿಸಿಕೊಳ್ಳಲೆಂದು ಅವನು ಬರೆದ ಚಿಕ್ಕ ಕ್ರಮವಿಧಿಯೇ 2001ರಲ್ಲಿ ‘ಡ್ರುಪಾಲ್’ ಎಂಬ ಹೆಸರಿನಿಂದ ಲೋಕಕ್ಕೆಲ್ಲ ಮುಕ್ತವಾಯಿತು. ಅದೇ ಡ್ರುಪಾಲಿನ ಮೇಲೆ 2005ರಲ್ಲಿ ಹರಿಪ್ರಸಾದ ನಾಡಿಗರು ‘ಸಂಪದ’ವನ್ನು ಕಟ್ಟಿ, ಕನ್ನಡದಲ್ಲಿ ಬರೆಯುವ ಓದುವ ದೊಡ್ಡದೊಂದು ಬಳಗವನ್ನು ಕೂಡಿಸಿದರು. ಆಂಟ್‌ವರ್ಪಿನ ವಸತಿಗೃಹದಲ್ಲಿ ಬಿದ್ದ ಬೀಜ ಕನ್ನಡ ನೆಲದಲ್ಲಿ ಫಲ ಕೊಟ್ಟಿತು. ಹಾಗಿರುವಾಗ ನಮ್ಮ ಕಲಬುರಗಿಯ ಗೋಡೆಗೂಡು ಕನಿಷ್ಠವೆಂದು ನಾವೇಕೆ ಸಂಕೋಚಪಡಬೇಕು?

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನವೀಕರಣವೆಂಬುದು ಏಕೆ ಬೇಕು? ಒಮ್ಮೆ ಸರಿಯಾಗಿ ನಡೆದ ತಂತ್ರಾಂಶವು ಗಡಿಯಾರದಂತೆ ಸವೆಯುವುದಿಲ್ಲ, ತುಕ್ಕು ಹಿಡಿಯುವುದೂ ಇಲ್ಲ. ಆದರೂ ಅದು ಹಳತಾಗುತ್ತದೆ. ಏಕೆಂದರೆ ತಂತ್ರಾಂಶ ಇದ್ದಂತೆಯೇ ಇದ್ದರೂ ಅದರ ಬಗೆಗೆ ಲೋಕಕ್ಕಿರುವ ತಿಳಿವಳಿಕೆ ಬೆಳೆಯುತ್ತದೆ. ಹಳೆಯ ಬೀಗವೊಂದರ ಒಳಗುಟ್ಟು ಊರಿಗೆಲ್ಲ ತಿಳಿದ ದಿನ, ಆ ಬೀಗ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ. 2014ರ ಅಕ್ಟೋಬರ್ 15ರಂದು ಡ್ರುಪಾಲಿನ 7ನೆಯ ಆವೃತ್ತಿಯಲ್ಲಿ ಅಂಥ ಒಂದು ದೋಷ ಪ್ರಕಟವಾಯಿತು. ಪ್ರಕಟಣೆಯೊಡನೆಯೇ ಪರಿಹಾರವೂ ಬಂದಿತ್ತು. ಆದರೂ, ಪ್ರಕಟಣೆಯಾದ 7 ಗಂಟೆಗಳೊಳಗೆ ಪರಿಹಾರವನ್ನು ಅಳವಡಿಸದ ತಾಣಗಳೆಲ್ಲ ಪರರ ವಶವಾಗಿವೆಯೆಂದೇ ತಿಳಿದು ನಡೆಯಬೇಕೆಂದು ಅದರ ರಕ್ಷಣಾ ಮಂಡಲಿಯವರು ಅನಂತರ ಎಚ್ಚರಿಸಬೇಕಾಯಿತು. ಗಮನಿಸಿರಿ, ದಿನಗಳಲ್ಲ, ಗಂಟೆಗಳು! ದೋಷವನ್ನು ಹುಡುಕುವವನು ಮನುಷ್ಯನಲ್ಲ. ಊರೂರಿನ ಬಾಗಿಲನ್ನೂ ಬಿಡದೆ ತಟ್ಟುವ ಯಂತ್ರ. ನಮ್ಮದು ಚಿಕ್ಕದು, ನಮ್ಮನ್ನು ಯಾರು ಕೇಳುತ್ತಾರೆ ಎಂಬ ಸಮಾಧಾನ ಆ ಯಂತ್ರದ ಮುಂದೆ ನಡೆಯುವುದಿಲ್ಲ.

ನವೀಕರಣದಲ್ಲಿ ಎರಡು ಬಗೆ. ಒಂದು, ಆಗಾಗ ಬರುವ ತೇಪೆ; ಇದು ಹರಿದಲ್ಲಿ ಹೊಲಿಗೆ ಹಾಕಿದಂತೆ, ಕೂಡಲೇ ಹಾಕಬೇಕು, ಅಪಾಯ ಕಡಿಮೆ. ಡೆಬಿಯನ್ನಿನಲ್ಲಿ ರಕ್ಷಣೆಯ ತೇಪೆಗಳು ತಾವಾಗಿಯೇ ಬಂದು ಸೇರುವಂತೆ ಏರ್ಪಡಿಸಬಹುದು, ನಾವೂ ಏರ್ಪಡಿಸಿದ್ದೇವೆ. ಇನ್ನೊಂದು, ಆವೃತ್ತಿಯ ಬದಲಾವಣೆ. ಇದು ಅಂಗಿಯನ್ನೇ ಬದಲಿಸಿದಂತೆ. ಪ್ರತಿಯೊಂದು ಆವೃತ್ತಿಗೂ ಆಸರೆಯ ಅವಧಿ ಇರುತ್ತದೆ. ಅದು ಮುಗಿದ ಮೇಲೆ ತೇಪೆಗಳು ನಿಲ್ಲುತ್ತವೆ. ಡ್ರುಪಾಲ್ 7ರ ಆಸರೆ 2025ರ ಜನವರಿ 5ಕ್ಕೆ ಮುಗಿಯಿತು. ನಮ್ಮ ಮೀಡಿಯಾವಿಕಿ 1.39ರ ಅವಧಿಯೂ 2025ರ ಕೊನೆಯೊಳಗೆ ತೀರುವುದಿತ್ತು. ಮುಂದಿನ ದೀರ್ಘಾವಧಿ ಆವೃತ್ತಿ 1.43. ಆದರೆ 1.43ಕ್ಕೆ ಪಿ.ಎಚ್.ಪಿ.ಯ 8.1 ಅಥವಾ ಅದಕ್ಕಿಂತ ಹೊಸದು ಬೇಕು; ನಮ್ಮ ಡೆಬಿಯನ್ 11ರಲ್ಲಿ ಇದ್ದದ್ದು 7.4. ಡೆಬಿಯನ್ 12ರಲ್ಲಿ 8.2 ಇದೆ. ಎಂದಮೇಲೆ ಮೇಲಿನ ಅಂತಸ್ತನ್ನು ಹೊಸದು ಮಾಡಬೇಕಾದರೆ ಮೊದಲು ತಳಪಾಯವನ್ನೇ ಬದಲಿಸಬೇಕು. ಪದರಗಳನ್ನು ಬೇರೆಬೇರೆಯಾಗಿ ತಿಳಿಯಬೇಕೆಂದು ಹೇಳಿದ್ದು ಇದಕ್ಕೇ.

ದೀಪಾವಳಿಯ ರಜೆಯಲ್ಲಿ ನಾನು ಈ ಕೆಲಸಕ್ಕೆ ಕೈಹಾಕಿದೆ. ಒಳಪರೀಕ್ಷೆಗೆ ಒಂಬತ್ತು ದಿನಗಳಿದ್ದವು. ಗೆಳೆಯನು ಊರಿಗೆ ಹೋಗಿದ್ದ. ಅವನ ಮನೆಯವರು ಬಾಗಿಲು ತೆರೆದುಕೊಟ್ಟು ಚಹಾ ಕೊಟ್ಟರು. ಡೆಬಿಯನ್ 12ರ ಪ್ಯಾಕೇಜುಗಳು ಬಂದು ಒಂದೊಂದಾಗಿ ಅಳವಡುತ್ತಿದ್ದಾಗ ವಿದ್ಯುತ್ತು ಹೋಯಿತು. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇರುವುದರಿಂದ ಭಯವಿಲ್ಲವೆಂದು ನಾವು ನಂಬಿದ್ದೆವು. ಆದರೆ ಎರಡು ಬೇಸಿಗೆಗಳ ಕಲಬುರಗಿಯ ಸೆಖೆಯಲ್ಲಿ ಸದಾ ವಿದ್ಯುತ್ತಿಗೆ ಅಂಟಿಕೊಂಡಿದ್ದ ಆ ಬ್ಯಾಟರಿಯ ಸತ್ವ ಉಡುಗಿತ್ತು. ಐದು ನಿಮಿಷವೂ ನಿಲ್ಲದೆ ಯಂತ್ರ ಆರಿತು. ವಿದ್ಯುತ್ತು ಮರಳಿದ ಮೇಲೆ ಅದು ಪೂರ್ತಿಯಾಗಿ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿಯ ಸಾಲುಗಳು ನಿಂತುಬಿಟ್ಟವು.

ಇಲ್ಲಿಯವರೆಗೆ ಆದದ್ದು ಅಪಘಾತ. ಇನ್ನು ಮುಂದಿನದು ನನ್ನ ಅಪರಾಧ. ಹೀಗೆ ಅರ್ಧಕ್ಕೆ ನಿಂತ ಅಳವಡಿಕೆಯನ್ನು ಪೂರ್ಣಗೊಳಿಸಲು ಡೆಬಿಯನ್ನಿನಲ್ಲಿ ಒಂದೇ ಸಾಲಿನ ಆಜ್ಞೆ ಇದೆ. ರಕ್ಷಣಾ ಸ್ಥಿತಿಯಲ್ಲಿ ಯಂತ್ರವನ್ನು ತೆರೆದು ಅದನ್ನು ಪ್ರಯೋಗಿಸಿದ್ದರೆ ಬಹುಶಃ ಎಲ್ಲವೂ ಅಲ್ಲಿಗೇ ಸರಿಹೋಗುತ್ತಿತ್ತು. ಅದನ್ನು ಓದಿ ತಿಳಿಯುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ದಿನವೂ ರಾತ್ರಿ ಎರಡು ಗಂಟೆಗೆ ಪೆನ್‌ಡ್ರೈವಿಗೆ ಪ್ರತಿ ಹೋಗುತ್ತದೆ, ಮತ್ತೇಕೆ ಚಿಂತೆ ಎಂದು ಹಾರ್ಡ್ ಡಿಸ್ಕನ್ನು ಪೂರ್ತಿಯಾಗಿ ಒರೆಸಿ ಡೆಬಿಯನ್ 12ನ್ನು ಹೊಸದಾಗಿ ಸ್ಥಾಪಿಸಿದೆ. ಅನಂತರ ಪೆನ್‌ಡ್ರೈವನ್ನು ತೆರೆದೆ. ಹದಿನಾಲ್ಕು ರಾತ್ರಿಗಳ ಹದಿನಾಲ್ಕು ಕಡತಗಳು ದಿನಾಂಕದೊಡನೆ ಸಾಲಾಗಿ ಇದ್ದವು. ಪ್ರತಿಯೊಂದರ ಗಾತ್ರ: ಸೊನ್ನೆ.

ಕಾರಣವು ಆಮೇಲೆ ತಿಳಿಯಿತು. ಒಂದು ತಿಂಗಳ ಹಿಂದೆ ಜಾಗರೂಕತೆಗೆಂದು ನಾನೇ ದತ್ತಸಂಚಯದ ಪಾಸ್‌ವರ್ಡನ್ನು ಬದಲಿಸಿದ್ದೆ. ಪ್ರತಿ ತೆಗೆಯುವ ಕ್ರಮವಿಧಿಯಲ್ಲಿ ಬದಲಿಸುವುದನ್ನು ಮರೆತಿದ್ದೆ. ಆ ಕ್ರಮವಿಧಿಯು ಮೊದಲು ಖಾಲಿ ಕಡತವನ್ನು ಸೃಷ್ಟಿಸಿ ಆಮೇಲೆ ಅದರಲ್ಲಿ ಬರಹವನ್ನು ತುಂಬುವಂತೆ ಇತ್ತು. ಬಾಗಿಲು ತೆರೆಯದ ಕಾರಣ ತುಂಬಲು ಏನೂ ಬರಲಿಲ್ಲ; ಖಾಲಿ ಕಡತ ಮಾತ್ರ ಉಳಿಯಿತು. ಹದಿನಾಲ್ಕು ದಿನಗಳಿಗಿಂತ ಹಳೆಯದನ್ನು ಅಳಿಸಬೇಕೆಂಬ ನಿಯಮವಿದ್ದುದರಿಂದ ಒಳ್ಳೆಯ ಪ್ರತಿಗಳೆಲ್ಲ ಒಂದೊಂದಾಗಿ ಅಳಿದುಹೋಗಿದ್ದವು. ಚಿತ್ರಗಳ ಪ್ರತಿಗೆ ಪಾಸ್‌ವರ್ಡು ಬೇಕಿಲ್ಲವಾದ್ದರಿಂದ ಚಿತ್ರಗಳೆಲ್ಲ ಇದ್ದವು. ನಕ್ಷೆಗಳಿದ್ದವು, ಮಾತಿರಲಿಲ್ಲ.

ಆ ರಾತ್ರಿ ಕಮಲಾಪುರದ ಕೊನೆಯ ಬಸ್ಸಿನಲ್ಲಿ ಕುಳಿತು ನಾನು ಅನುಭವಿಸಿದ್ದನ್ನು ಬರೆಯಲು ಹೋಗುವುದಿಲ್ಲ. ಆದರೆ ಇಂಥ ತಪ್ಪು ನನ್ನೊಬ್ಬನದೇ ಅಲ್ಲವೆಂದು ಆಮೇಲೆ ಓದಿ ತಿಳಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಪ್ರಸಿದ್ಧ ಸಂಸ್ಥೆಯ ತಂತ್ರಜ್ಞನೊಬ್ಬ ದಣಿದ ಹೊತ್ತಿನಲ್ಲಿ ಒಂದು ಯಂತ್ರದಲ್ಲಿ ಅಳಿಸಬೇಕಾದುದನ್ನು ಇನ್ನೊಂದರಲ್ಲಿ ಅಳಿಸಿದ. ಸುಮಾರು 300 ಗಿಗಾಬೈಟುಗಳ ದತ್ತಸಂಚಯ ಹೋಯಿತು. ಪ್ರತಿಗಳನ್ನು ನೋಡಿದರೆ, ಪ್ರತಿ ತೆಗೆಯುವ ಉಪಕರಣದ ಆವೃತ್ತಿಯೂ ದತ್ತಸಂಚಯದ ಆವೃತ್ತಿಯೂ ಹೊಂದದೆ, ಪ್ರತಿಗಳೇ ಆಗಿರಲಿಲ್ಲ. ವಿಫಲವಾದ ಸುದ್ದಿ ತಿಳಿಸುವ ಮಿಂಚಂಚೆಗಳೂ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಬೇರೊಂದು ಪ್ರಯೋಗಕ್ಕೆಂದು ಅದೇ ತಂತ್ರಜ್ಞನು ಆರು ಗಂಟೆಗಳ ಹಿಂದೆ ತೆಗೆದಿಟ್ಟ ಒಂದು ಪ್ರತಿಯೇ ಅವರನ್ನು ಉಳಿಸಿತು. ಸಂಸ್ಥೆಯವರು ನಡೆದುದನ್ನು ಮುಚ್ಚಿಡಲಿಲ್ಲ; ಎಲ್ಲವನ್ನೂ ಬಹಿರಂಗವಾಗಿ ಬರೆದರು. ಅದನ್ನು ಓದಿದ ಮೇಲೆಯೇ ನನಗೂ ಇದನ್ನು ಬರೆಯುವ ಧೈರ್ಯ ಬಂದಿತು.

ನಮ್ಮನ್ನು ಉಳಿಸಿದ್ದೂ ಅಂಥದೇ ಆಕಸ್ಮಿಕ. ಊರಿಗೆ ಹೋಗಿದ್ದ ಗೆಳೆಯನು ತಾನೂ ಕಲಿಯಬೇಕೆಂದು 40 ದಿನಗಳ ಹಿಂದೆ ದತ್ತಸಂಚಯದ ಒಂದು ಪ್ರತಿಯನ್ನು ತನ್ನ ಯಂತ್ರಕ್ಕೆ ಇಳಿಸಿಕೊಂಡಿದ್ದ. ಅದನ್ನು ತಂದು ಹೊಸ ಮಾರಿಯಾ ಡಿ.ಬಿ.ಯಲ್ಲಿ ಸೇರಿಸಿ, ಮೀಡಿಯಾವಿಕಿ 1.43ನ್ನು ಅಳವಡಿಸಿ, ಹಳೆಯ ಕೋಷ್ಟಕಗಳನ್ನು ಹೊಸ ರೂಪಕ್ಕೆ ತರುವ ಅದರದೇ ಕಿರುಕ್ರಮವಿಧಿಯನ್ನು ನಡೆಸಿದೆವು. ಭಂಡಾರ ಎದ್ದು ನಿಂತಿತು. ಆದರೆ ಆ 40 ದಿನಗಳಲ್ಲಿ ಬರೆದ 61 ಪುಟಗಳಿರಲಿಲ್ಲ. ಪರೀಕ್ಷೆಯ ಪಾಠಗಳೆಲ್ಲ ಅವುಗಳಲ್ಲಿಯೇ ಇದ್ದವು.

ನಾನು ಎಲ್ಲರಿಗೂ ಸತ್ಯವನ್ನು ತಿಳಿಸಿದೆ. ಇಬ್ಬರು ಸಿಟ್ಟಾದರು; ಅದು ನ್ಯಾಯವೇ. ಮರುದಿನ ಕಮಲಾಪುರದ ಕಡೆಯಿಂದಲೇ ಬರುವ ಸಹಪಾಠಿ ತಂಗಿಯೊಬ್ಬಳು ನೂರು ಹಾಳೆಯ ಎರಡು ನೋಟುಪುಸ್ತಕಗಳನ್ನು ತಂದು ಮುಂದಿಟ್ಟಳು. ಅವರ ಮನೆಯಲ್ಲಿರುವುದು ಅಣ್ಣನ ಮೊಬೈಲು ಒಂದೇ. ರಾತ್ರಿ ಅರ್ಧ ತಾಸು ಮಾತ್ರ ಕೈಗೆ ಸಿಗುತ್ತದೆ. ಆದ್ದರಿಂದ ಅವಳು ಹೊಸ ಪುಟಗಳನ್ನೆಲ್ಲ ದಿನವೂ ಮಸಿಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದಳು. “ಅಣ್ಣಾ, ನಿಮ್ಮ ಮಷಿನ್‌ದಾಗ ಇಲ್ಲಂದ್ರ ಇದ್ರಾಗ ಅದಾವ ನೋಡ್ರಿ” ಎಂದಳು. 23 ಪುಟಗಳು ಆ ನೋಟುಪುಸ್ತಕಗಳಿಂದ ಮರಳಿದವು. ಬೇರೆಯವರ ಟಿಪ್ಪಣಿಗಳಿಂದ 30 ದೊರೆತವು. ಉಳಿದ 8 ಹೋದವು ಹೋದಂತೆಯೇ. ನಾವು ಐದು ಮಂದಿ ನಾಲ್ಕು ರಾತ್ರಿ ಕುಳಿತು ಬೆರಳಚ್ಚು ಮಾಡಿದೆವು. ಯಾರ ಮನೆಯಲ್ಲಿ ಸಂಪರ್ಕವಿಲ್ಲವೆಂದು ನಾವು ಮರುಗುತ್ತಿದ್ದೆವೋ ಅವಳೇ ನಮ್ಮ ನಿಜವಾದ ಪ್ರತಿಯಾಗಿದ್ದಳು.

ಈ ಪ್ರಸಂಗದಿಂದ ನಾವು ಕಲಿತ ನಿಯಮಗಳನ್ನು ಕ್ರಮವಾಗಿ ಹೇಳುತ್ತೇನೆ. ಒಂದನೆಯದು: ಮರಳಿ ತೆರೆದು ನೋಡದ ಪ್ರತಿಯು ಪ್ರತಿಯೇ ಅಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ನಾವು ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ಸೇರಿಸಿ ಹತ್ತು ಪುಟಗಳನ್ನು ಓದುತ್ತೇವೆ. ಕಡತದ ಗಾತ್ರ ನಿನ್ನೆಗಿಂತ ಬಹಳ ಕುಗ್ಗಿದ್ದರೆ ಹಳೆಯದನ್ನು ಅಳಿಸಬಾರದೆಂದು ಕ್ರಮವಿಧಿಗೂ ಕಲಿಸಿದ್ದೇವೆ.

ಎರಡನೆಯದು: ಪ್ರತಿಗಳು ಒಂದೇ ಸೂರಿನಡಿ ಇರಬಾರದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಒ.ವಿ.ಎಚ್. ಕಂಪನಿಯ ಸರ್ವರ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ, ಪ್ರತಿಯನ್ನೂ ಅಲ್ಲಿಯೇ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು. ಈಗ ನಮ್ಮ ಒಂದು ಪ್ರತಿ ಕಲಬುರಗಿಯಲ್ಲಿದ್ದರೆ ಇನ್ನೊಂದು ವಾರಕ್ಕೊಮ್ಮೆ ನನ್ನೊಡನೆ ಬಸ್ಸಿನಲ್ಲಿ ಕಮಲಾಪುರಕ್ಕೆ ಬರುತ್ತದೆ.

ಮೂರನೆಯದು: ಆವೃತ್ತಿ ಬದಲಿಸುವ ಮುನ್ನ ಬಿಡುಗಡೆ ಟಿಪ್ಪಣಿಯನ್ನು ಪೂರ್ತಿ ಓದಬೇಕು, ಡಿಸ್ಕಿನಲ್ಲಿ ಸ್ಥಳವಿದೆಯೇ ನೋಡಬೇಕು, ಡೆಬಿಯನ್ನಿನಲ್ಲಿ ಒಂದೊಂದೇ ಮೆಟ್ಟಿಲು ಏರಬೇಕಲ್ಲದೆ ಹಾರಬಾರದು, ಮೊದಲು ಇನ್ನೊಂದು ಯಂತ್ರದಲ್ಲಿ ಪ್ರಯೋಗ ಮಾಡಬೇಕು, ಪರೀಕ್ಷೆಯ ಹತ್ತಿರ ಮಾಡಲೇಬಾರದು. ತೇಪೆಗೆ ಮಾತ್ರ ಈ ಕೊನೆಯ ನಿಯಮ ಸಲ್ಲದು. ತೇಪೆಯನ್ನು ಪರೀಕ್ಷೆಯ ದಿನವಾದರೂ ಹಾಕಬೇಕು.

ನಾಲ್ಕನೆಯದು: ಒಬ್ಬನೇ ಮಾಡಬಾರದು. ಇಬ್ಬರಿದ್ದರೆ ಒಬ್ಬನು ಗಾಬರಿಯಾದಾಗ ಇನ್ನೊಬ್ಬನು “ತಡಿ, ಮೊದಲು ಓದೋಣ” ಎನ್ನುತ್ತಾನೆ. ನನ್ನ ಬಳಿ ಆ ಮಾತು ಹೇಳುವವರು ಅಂದು ಯಾರೂ ಇರಲಿಲ್ಲ.

ಐದನೆಯದು: ಮಾಡಿದ್ದನ್ನೆಲ್ಲ ದಿನಾಂಕ ಸಹಿತ ಒಂದು ದಿನಚರಿಯಲ್ಲಿ ಬರೆದಿಡಬೇಕು. ಪಾಸ್‌ವರ್ಡ್ ಬದಲಿಸಿದ್ದನ್ನು ಬರೆದಿದ್ದರೆ ಈ ಲೇಖನ ಹುಟ್ಟುತ್ತಲೇ ಇರಲಿಲ್ಲ.

ಇವಲ್ಲದೆ ಸಣ್ಣ ಚಾಕರಿಗಳು ಹಲವಿವೆ. ತಾಣದ ಗುರುತುಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅದರ ಆಯುಷ್ಯ ಸಾಮಾನ್ಯವಾಗಿ 90 ದಿನ, ತಾನಾಗಿ ಹೊಸದಾಗುತ್ತಿದೆಯೇ ನೋಡಬೇಕು. ಯಾರು ಬೇಕಾದರೂ ಸದಸ್ಯರಾಗಬಹುದೆಂದು ಬಿಟ್ಟಾಗ ಜಾಹೀರಾತು ತುಂಬುವ ಯಂತ್ರಗಳು ಒಂದೇ ವಾರದಲ್ಲಿ ನುಗ್ಗಿದವು. ಈಗ ಪರಿಚಿತರಿಗೆ ಮಾತ್ರ ಸದಸ್ಯತ್ವ ಕೊಡುತ್ತೇವೆ. ಬೇಸಿಗೆಗೆ ಮುನ್ನ ಫ್ಯಾನಿನ ಧೂಳನ್ನು ತೆಗೆಯುತ್ತೇವೆ. ಬ್ಯಾಟರಿಯನ್ನೂ ಬದಲಿಸಿದೆವು.

ಕೊನೆಯ ಪ್ರಶ್ನೆಯೊಂದಿದೆ. ಈ ವರ್ಷ ನಾವು ಕಾಲೇಜು ಬಿಡುತ್ತೇವೆ. ವಿದ್ಯಾರ್ಥಿಗಳ ಸರ್ವರ್ ಸಾಯಲು ವಿದ್ಯುತ್ತೇ ಹೋಗಬೇಕೆಂದಿಲ್ಲ. ಕಟ್ಟಿದವರು ಪದವಿ ಪಡೆದು ಹೋದರೆ ಸಾಕು. ಫ. ಗು. ಹಳಕಟ್ಟಿಯವರು ಊರೂರು ಅಲೆದು ಮನೆಮನೆಯ ತಾಡೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಅವರಿಗೆ ಆ ಓಲೆಗಳು ದೊರೆತದ್ದಾದರೂ ಹೇಗೆ? ಹೆಸರು ತಿಳಿಯದ ಎಷ್ಟೋ ಮಂದಿ ತಲೆಮಾರಿಗೊಮ್ಮೆ ಹಳೆಯ ಓಲೆ ನೋಡಿ ಹೊಸ ಓಲೆಯ ಮೇಲೆ ನಕಲು ಮಾಡುತ್ತ ಬಂದಿದ್ದರು. ಅವರು ಮಾಡಿದ್ದು ಪಾಲನೆ; ಅದಕ್ಕಿಂತ ದೊಡ್ಡ ಹೆಸರು ಅದಕ್ಕೆ ಬೇಕಿಲ್ಲ.

ಕಳೆದ ತಿಂಗಳು ದ್ವಿತೀಯ ವರ್ಷದ ನಾಲ್ವರಿಗೆ ಬೀಗದಕೈಗಳನ್ನೂ ದಿನಚರಿಯನ್ನೂ ಒಪ್ಪಿಸಿದೆವು. ಡೆಬಿಯನ್ 13, 2025ರ ಆಗಸ್ಟಿನಲ್ಲಿಯೇ ಬಿಡುಗಡೆಯಾಗಿದೆ. ಅದಕ್ಕೆ ಏರುವುದು ಅವರ ಮೊದಲ ಪಾಠ. ಆ ನಾಲ್ವರಲ್ಲಿ ಇಬ್ಬರು ತಂಗಿಯರು. ಪೆನ್‌ಡ್ರೈವಿನ ಜೊತೆಗೆ ಆ ಎರಡು ನೋಟುಪುಸ್ತಕಗಳ ಜೆರಾಕ್ಸ್ ಪ್ರತಿಯನ್ನೂ ಕೊಟ್ಟಿದ್ದೇವೆ.

ಅಂದು ಸಂಜೆ ಊರಿಗೆ ಹೋಗಿ ಇದನ್ನು ಅಪ್ಪನಿಗೆ ಹೇಳಿದೆ. ಅವನು ಜೀವಮಾನವೆಲ್ಲ ಕಮಲಾಪುರದ ಕೆಂಪು ಬಾಳೆಯ ತೋಟಗಳಲ್ಲಿ ದುಡಿದವನು. ಬಾಳೆಗೆ ಬೀಜವಿಲ್ಲ, ಗೊನೆ ಕಡಿದ ಮೇಲೆ ತಾಯಿಗಿಡ ಉಳಿಯುವುದಿಲ್ಲ, ಕಂದು ಕಿತ್ತು ಬೇರೆ ಗುಂಡಿಯಲ್ಲಿ ನೆಟ್ಟರೆ ಮಾತ್ರ ತಳಿ ಮುಂದುವರಿಯುತ್ತದೆ. ಅವನು ಎಲ್ಲವನ್ನೂ ಕೇಳಿ, “ಹಂಗಾದ್ರ ಕಂದು ಹಚ್ಚಿ ಬಂದೀ ಅನ್ನು” ಎಂದ.

ಹೌದು, ಅಷ್ಟೇ. ಹಚ್ಚಿದ ಕಂದಿಗೆ ನೀರುಣಿಸುವ ಕೆಲಸ ಇನ್ನು ನಮ್ಮ ಕಿರಿಯ ಮಿತ್ರರದು. ಅವರಿಗೆ ಶುಭವಾಗಲಿ.